ಹಿರಿತನದ ಪಟ್ಟಿ

"ಇಲ್ಲ ಮೇಡಂ, ನೀವು ಕೆಲಸಕ್ಕೆ ಸೇರಿದ್ದು ಇದೇ ಜನವರಿ ಒಂದಕ್ಕೆ," ಎಂದ ಹೊಸ ಕಂಪನಿಯ ಅಧಿಕಾರಿ ಟಾಂಗಿ, ಪರದೆಯಿಂದ ಕಣ್ಣು ತೆಗೆಯದೆ.

ಮಾರಿವೋನ್‌ಗೆ ನಗಬೇಕೋ ಜಗಳ ತೆಗೆಯಬೇಕೋ ತಿಳಿಯಲಿಲ್ಲ. ಮೂವತ್ತೊಂದು ವರ್ಷದಿಂದ ಇದೇ ಡಿಪೋದಲ್ಲಿ ಬಸ್ಸು ಓಡಿಸುತ್ತಿದ್ದಳು. ಬಸ್ಸುಗಳು ನಗರಸಭೆಯವು; ಓಡಿಸುವ ಗುತ್ತಿಗೆ ಮಾತ್ರ ಏಳೆಂಟು ವರ್ಷಕ್ಕೊಮ್ಮೆ ಕೈ ಬದಲಾಯಿಸುತ್ತದೆ. ಆಗ ಚಾಲಕರು, ಕಾಫಿ ಯಂತ್ರ, ಸೋರುವ ಚಾವಣಿ ಎಲ್ಲವೂ ಹೊಸ ಕಂಪನಿಯ ಪಾಲು. ಬದಲಾಗುವುದು ಜಾಕೆಟ್ಟಿನ ಬಣ್ಣ. ಈಗಿನ ನೇರಳೆ ಅವಳಿಗೆ ಐದನೆಯದು. ಮೊದಲ ಕಂಪನಿಯ ಕಾಲದವರಲ್ಲಿ ಉಳಿದಿದ್ದವಳು ಅವಳೊಬ್ಬಳೇ; ಮಿಕ್ಕವರ ನೇಮಕಪತ್ರಗಳೆಲ್ಲ ಆಮೇಲಿನ ಕಂಪನಿಗಳವು.

"ಇಲ್ನೋಡಪ್ಪ, ನೇಮಕದ ಪತ್ರ."

"ಇದ್ರಲ್ಲಿರೋ ಕಂಪನಿ ನಮ್ಮ ದಾಖಲೇಲೇ ಇಲ್ವಲ್ಲ. ಇದನ್ನ ಇನ್ನೊಂದು ಕೊಂಡ್ಕೊಳ್ತಂತೆ, ಅದು ಮತ್ತೊಂದ್ರ ಜತೆ ಸೇರ್ಕೊಳ್ತಂತೆ. ಹಳೇ ಆಡಳಿತದವ್ರನ್ನ ಕೇಳಿ."

"ಕೇಳ್ದೆ. ನಿಮ್ಮನ್ನ ಕೇಳು ಅಂದ್ರು. ಹಂಗಾದ್ರೆ ಇಷ್ಟು ವರ್ಷ ನಾನು ಯಾರ ಬಸ್ ಓಡಿಸ್ದೆ?"

ಟಾಂಗಿ ಪತ್ರವನ್ನು ಹಿಂದೆ ಮುಂದೆ ತಿರುಗಿಸಿದ. ಪಟ್ಟಿಯಲ್ಲಿ ಅವಳ ಹೆಸರು ಕೊನೆಯಲ್ಲೇ ಉಳಿಯಿತು.

ಹತ್ತು ಗಂಟೆಗೆ ವರ್ಷದ ಮಾರ್ಗ ಆರಿಸಿಕೊಳ್ಳುವ ಹೊತ್ತು. ಹಿರಿಯರು ಮೊದಲು, ಹೊಸಬರು ಕೊನೆಗೆ. ಪಾರ್ಶ್ವವಾಯು ಹೊಡೆದ ಅವಳ ಗಂಡನನ್ನು ನೋಡಿಕೊಳ್ಳುವ ಹೆಂಗಸು ಮಧ್ಯಾಹ್ನ ಎರಡಕ್ಕೆ ಹೊರಟುಬಿಡುತ್ತಾಳೆ. ಅಷ್ಟರೊಳಗೆ ಮುಗಿಯುವುದು ಬಂದರು ಮಾರ್ಗದ ಬೆಳಗಿನ ಪಾಳಿ ಒಂದೇ. ಕೊನೆಯವಳಿಗೆ ಅದನ್ನು ಯಾರು ಉಳಿಸುತ್ತಾರೆ?

"ಮೊದಲು ಗ್ವೆನೋಲೆ," ಎಂದು ಟಾಂಗಿ ಕೂಗಿದ.

ಮಾರಿವೋನ್‌ಳ ನಂತರದ ಹಿರಿಯ ಚಾಲಕ ಗ್ವೆನೋಲೆಗೆ ಬಂದರು ಮಾರ್ಗದ ಮೇಲೆ ಎಷ್ಟೋ ವರ್ಷದಿಂದ ಕಣ್ಣಿತ್ತು. ಅವನು ಪೆನ್ನು ತೆಗೆದುಕೊಂಡ, ಗೋಡೆಯ ಹಾಳೆ ನೋಡಿದ, ಏನೂ ಬರೆಯದೆ ಪಕ್ಕದವನ ಕೈಗಿಟ್ಟ. ಅವನೂ ಹಾಗೇ ಮುಂದೆ ದಾಟಿಸಿದ.

"ಏನ್ರೀ ನಡೀತಿದೆ ಇಲ್ಲಿ?" ಟಾಂಗಿ ತಬ್ಬಿಬ್ಬಾದ.

"ಯೋಚ್ನೆ ಮಾಡೋಕೆ ಟೈಮ್ ಬೇಕು ಸಾರ್. ನಿಮ್ ಕಾಫಿ ಕುಡಿದ್ರೆ ತಲೆ ಓಡಲ್ಲ," ಅಂದ ಗ್ವೆನೋಲೆ.

ಕೈಯಿಂದ ಕೈಗೆ ದಾಟಿ ಪೆನ್ನು ಮಾರಿವೋನ್‌ಳ ಬಳಿ ಬಂತು. ಹಾಳೆಯತ್ತ ಬಗ್ಗಿದಳು. ಹೊಸ ಕಂಪನಿ ಮಾರ್ಗಗಳ ನಂಬರುಗಳನ್ನೂ ಬದಲಾಯಿಸಿತ್ತು. ಬಂದರು ಮಾರ್ಗದ ಹಳೆಯ ನಂಬರು ಏಳು ಎಲ್ಲೂ ಇರಲಿಲ್ಲ.

"ಬಂದರು ಮಾರ್ಗದ್ದು ಯಾವ್ದ್ರೋ?"

ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಗೋಡೆಗೆ ಮುತ್ತಿಕೊಂಡರು. ಗ್ವೆನೋಲೆ ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ನಿಲ್ದಾಣದ ಹೆಸರು ಗಟ್ಟಿಯಾಗಿ ಓದತೊಡಗಿದ. ಟಾಂಗಿಯೂ ಬಂದು ಹುಡುಕಲು ನಿಂತ. ಮಾರಿವೋನ್ ಪೆನ್ನಿನ ಮುಚ್ಚಳ ತೆಗೆದು, ಆ ಬೆರಳು ಹೋದತ್ತಲೇ ನೋಡುತ್ತಿದ್ದಳು.