ಫಾಖ್ನಾ ಕೂರದೇ ಹೋದ ಚಿತ್ರ

ಸಂಜೆ ಪಾದ್ರಿ ಬಂದು ಪ್ರಾರ್ಥನೆ ಹೇಳಿದ ಕೂಡಲೇ ಶವಪೆಟ್ಟಿಗೆಯ ಮುಚ್ಚಳ ಬೀಳುತ್ತದೆ, ಒಳಗೆ ಮಲಗಿದ ಫಾಖ್ನಾ ಚರ್ಚಿಗೆ ಹೊರಡುತ್ತಾನೆ. ಅಷ್ಟರೊಳಗೆ ಅವನ ಹೆಂಡತಿ ಡರ್ವ್ಲಾ ಆ ಮುಖವನ್ನು ಕಾಗದಕ್ಕೆ ಇಳಿಸಬೇಕಿತ್ತು.

ಐರ್ಲೆಂಡಿನ ಕಾರ್ಕ್ ಸೀಮೆಯ ಆ ಹಳ್ಳಿಯಲ್ಲಿ ಅವಳ ಪೆನ್ಸಿಲಿಗೆ ಸಿಗದ ಮುಖವಿರಲಿಲ್ಲ. ಸಿಗದವನೊಬ್ಬ ಮನೆಯಲ್ಲೇ ಇದ್ದ. ಹಳೆಯ ಐರಿಶ್ ಪದ್ಯಗಳಿಗಾಗಿ ಜೀವ ತೇಯ್ದ ವಿದ್ವಾಂಸ. ಎಂದೋ ಸತ್ತ ಕವಿಗಳಿಗೆಲ್ಲ ಹೊತ್ತು ಕೊಟ್ಟ ಮಹಾರಾಯನಿಗೆ ಹೆಂಡತಿಯ ಮುಂದೆ ಒಂದು ಗಳಿಗೆ ಕೂರಲು ಪುರುಸೊತ್ತಿರಲಿಲ್ಲ. "ಸ್ವಲ್ಪ ತಲೆ ಎತ್ತಿ ಕೂತ್ಕೊಳ್ಳಿ ಅಂದ್ರೆ" ಎಂದು ಗೋಗರೆದರೆ, "ಈ ಪದ್ಯ ಒಂದು ಮುಗೀಲಿ ಮಾರಾಯ್ತಿ" ಎನ್ನುತ್ತಿದ್ದ. ಅದು ಮುಗಿಯುವ ಮೊದಲೇ ಹೃದಯ ನಿಂತಿತು.

ಈಗ ಅವಳು ಪೆಟ್ಟಿಗೆಯ ಪಕ್ಕ ಕುರ್ಚಿ ಎಳೆದುಕೊಂಡಳು. ಹಣೆಯ ಗೆರೆ ಎಳೆಯುವಷ್ಟರಲ್ಲಿ ಒಂದು ಕೈ ಮುಂದೆ ಬಂತು.

"ನಿನ್ನ ಸಂಕಟ ನಮ್ಮ ಸಂಕಟಾನೇ ಕಣಮ್ಮಾ."

ಸಾವಿನ ಮನೆಯಲ್ಲಿ ಚಾಚಿದ ಕೈ ಹಿಡಿಯದೆ ಇರುವಂತಿಲ್ಲ. ಹಿಡಿಯದಿದ್ದರೆ ಎರಡು ಮನೆಗಳ ನಡುವೆ ಮೊಮ್ಮಕ್ಕಳ ಕಾಲದವರೆಗೂ ಮಾತು ನಿಲ್ಲುತ್ತದೆ. ಪೆನ್ಸಿಲ್ ಮಡಿಲಿಗೆ ಹೋಯಿತು. ಮತ್ತೆ ಎತ್ತಿದರೆ ಮತ್ತೊಂದು ಕೈ. ಊರಿಗೆ ಊರೇ ಬಂದಿತ್ತು. ಪಕ್ಕದ ಹೊಲದ ಕಾನಿಯಂತೂ ಹಿಡಿದ ಕೈ ಬಿಡದೆ ಕುಲುಕುತ್ತಲೇ ಇದ್ದ.

"ದೊಡ್ಡ ಮನುಷ್ಯ. ಅವರು ಬರ್ದಿದ್ದು ಒಂದಕ್ಷರ ನಂಗರ್ಥ ಆಗ್ಲಿಲ್ಲ ನೋಡಿ, ಅಷ್ಟು ದೊಡ್ಡ ಮನುಷ್ಯ!"

ಡರ್ವ್ಲಾಗೆ ನಗು ಬಂತು, ಅದರ ಹಿಂದೆಯೇ ಅಳು.

ನಾದಿನಿ ಗಾಬ್ನೆಟ್ ಚಹಾದ ತಟ್ಟೆ ಹಿಡಿದು ಬಂದವಳು ಕಿವಿಯಲ್ಲಿ ಗದರಿದಳು: "ಹೆಣದ ಮುಂದೆ ಚಿತ್ರ ಬರೀತಾ ಕೂತಿದೀಯಲ್ಲ ಅತ್ತಿಗೆ! ಜನ ಏನಂದ್ಕೊಳ್ಳಲ್ಲ?"

"ಅಂದ್ಕೊಳ್ಳಲಿ. ನಾಳೆಯಿಂದ ಈ ಮುಖ ನಂಗೆಲ್ಲಿ ಸಿಗುತ್ತೆ, ಹೇಳೇ!"

ಗಾಬ್ನೆಟ್ ಅಣ್ಣನ ಮುಖ ನೋಡಿದಳು. ತಟ್ಟೆ ಕೆಳಗಿಟ್ಟು ಬಾಗಿಲಿಗೆ ಹೋಗಿ ಅಡ್ಡ ನಿಂತಳು. "ಕೈ ಇಲ್ಲಿ ಕೊಡಿ. ಅವನ ಬೆನ್ನಿಗೆ ಬಿದ್ದ ತಂಗಿ ನಾನು, ನನ್ನ ಕೈ ಆಗಲ್ವಾ?" ಎಂದು ಬಂದವರ ಕೈಗಳನ್ನೆಲ್ಲ ತಾನೇ ಹಿಡಿದಳು. ಒಡಹುಟ್ಟಿದವಳಿಗೆ ಯಾರು ತಾನೇ ಎದುರಾಡಿಯಾರು?

ಡರ್ವ್ಲಾ ಬರೆದಳು. ಚೂಪು ಮೂಗು, ಕಿವಿಯ ಮೇಲೆ ಎಷ್ಟು ಬಾಚಿದರೂ ಕೂರದ ಕೂದಲು, ಇಳಿದ ರೆಪ್ಪೆಗಳು. ಪಾದ್ರಿಯ ಕಾರು ಅಂಗಳಕ್ಕೆ ಬಂದಾಗ ಚಿತ್ರ ಮುಗಿದಿತ್ತು.

ಗಾಬ್ನೆಟ್ ಇಣುಕಿ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಸತ್ತವನ ಹಾಗೇ ಇಲ್ವಲ್ಲ! ಓದ್ತಾ ಕೂತಿದಾನೆ ನಮ್ಮಣ್ಣ."

ಹೌದಲ್ಲ. ಅಡುಗೆಮನೆಯ ಮೇಜಿನಾಚೆ ಪ್ರತಿ ಸಂಜೆ ಹೀಗೇ ಕೂತಿರುತ್ತಿದ್ದ. ರೆಪ್ಪೆ ಇಳಿಸಿ, ಅಲುಗಾಡದೆ, ಅವಳ ಎದುರಿಗೇ. ಅವನು ತಲೆ ಎತ್ತಲೆಂದು ಕಾಯುತ್ತ ಅವಳು ಪೆನ್ಸಿಲನ್ನೇ ಮುಟ್ಟಿರಲಿಲ್ಲ.

"ದಿನಾ ಕೂತೇ ಇದ್ರಲ್ಲೇ ಗಾಬ್ನೆಟ್... ನಾನೇ ಬರೀಲಿಲ್ಲ." ದುಃಖ ಉಮ್ಮಳಿಸಿ ಬಂತು.

ಪ್ರಾರ್ಥನೆ ಮುಗಿಯಿತು. ಮುಚ್ಚಳ ಹಿಡಿದು ನಿಂತವರು, "ಮುಚ್ಚೋಣವಾ ಅಮ್ಮ?" ಎಂದು ಮೆಲ್ಲಗೆ ಕೇಳಿದರು.

ಇನ್ನೊಂದು ಗಳಿಗೆ ತಡೆಯಿರಿ ಎನ್ನಲು ಅವಳ ಬಳಿ ಚಿತ್ರದ ನೆಪವೂ ಉಳಿದಿರಲಿಲ್ಲ.