ನೀಲಿ ಡ್ರಮ್ಮು

ಸೊಸೆಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಹಚ್ಚುವ ಕೆಲಸಕ್ಕೆ ಸೇರಿದ ಮೇಲೆ ಮೊದಲು ತಲೆ ಸುತ್ತಿತು, ಆಮೇಲೆ ಅಭ್ಯಾಸವಾಯಿತು, ಕೊನೆಗೆ ಮಲ್ಲಿಗೆಯೂ ಒಂದೇ ಮೋರಿಯೂ ಒಂದೇ ಆಯಿತು.

ಕಾರ್ಖಾನೆಗೆ ಬಿಡುವಿರಲಿಲ್ಲ. ತಿಂಗಳಿಗೊಂದು ಹೊಸ ಮಾದರಿ, ಹೊಸ ಬಣ್ಣ. ಕಾಲಲ್ಲಿರುವುದು ಸವೆಯುವ ಮೊದಲೇ ಜನ ಇನ್ನೊಂದು ಜೋಡಿಗೆ ಮುಗಿಬೀಳುತ್ತಿದ್ದರು. ಅತ್ತೆ ಮಾತ್ರ ಹಳೆಯ ಚರ್ಮದ ಚಪ್ಪಲಿಯನ್ನೇ ಹೊಲಿಸಿ ಹೊಲಿಸಿ ಮೆಟ್ಟುತ್ತಿದ್ದಳು.

"ನನ್ನಂಥೋರು ಊರಿಗೆ ಹತ್ತು ಜನ ಇದ್ರೆ ಸಾಕು ಕಣೇ, ನಿಮ್ಮ ಕಾರ್ಖಾನೆಗೆ ಬೀಗ."

"ಬೀಗ ಬಿದ್ರೆ ನಿಮ್ಮ ಹೊಟ್ಟೆಗೂ ಬೀಳುತ್ತೆ ಅತ್ತೆ. ತಟ್ಟೆ ಈಚೆ ಇಡಿ" ಎಂದು ಸೊಸೆ ಅನ್ನ ಬಡಿಸುತ್ತಿದ್ದಳು.

ದೊಡ್ಡ ಆರ್ಡರು ಮುಗಿದ ದಿನ ಮೇಸ್ತ್ರಿ ಖುಷಿಯಲ್ಲಿದ್ದ. ಅಂಟು ತೆಳು ಮಾಡುವ ಎಣ್ಣೆ ಬಂದಿದ್ದ ನೀಲಿ ಪ್ಲಾಸ್ಟಿಕ್ಕಿನ ಖಾಲಿ ಡ್ರಮ್ಮುಗಳನ್ನು ಬೇಕಾದವರು ಒಯ್ಯಿರಿ ಎಂದ. ಸೊಸೆಗೆ ಆಗ ನಾಲ್ಕು ತಿಂಗಳು. ಬೀದಿಯ ನಲ್ಲಿಯಿಂದ ಕೊಡ ಹೊತ್ತು ತರುವಾಗ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಗಂಡ ಲಾರಿಯ ಮೇಲೆ ಊರೂರು ಅಲೆಯುವವನು, ಅವನ ಕೈ ಕಾದರೆ ಆಗುವ ಕೆಲಸವಲ್ಲ. ಪಕ್ಕದ ಮನೆಯ ಪೈಪು ಹಾಕಿಸಿಕೊಂಡರೆ ಡ್ರಮ್ಮು ವಾರಕ್ಕೊಮ್ಮೆ ತುಂಬುತ್ತದೆ. ಕೂಸಿಗೋಸ್ಕರವೇ ಅವಳು ಅದನ್ನು ಉರುಳಿಸಿಕೊಂಡು ಬಂದಳು.

ಬೂದಿ, ಸೋಪಿನ ಪುಡಿ, ಬಿಸಿನೀರು ಹಾಕಿ ಫಳಫಳ ಉಜ್ಜಿದಳು. ತೊಳೆದ ನೀರು ದಂಡವೇಕೆಂದು ಹಿತ್ತಲಿನ ನಿಂಬೆ ಗಿಡಕ್ಕೆ ಸುರಿದಳು.

ಅತ್ತೆ ಮೊದಲ ಲೋಟಕ್ಕೇ ಮುಖ ಸಿಂಡರಿಸಿದಳು. "ಥೂ, ನಾರುತ್ತೆ. ಇದೇನು ನೀರೋ, ಬಣ್ಣದಂಗಡಿಯೋ?"

"ನಿಮಗೆ ನನ್ನ ಸಾರೂ ನಾರುತ್ತೆ, ನಾನು ಒಗೆದ ಬಟ್ಟೆನೂ ನಾರುತ್ತೆ. ಮೊಸರಲ್ಲಿ ಕಲ್ಲು ಹುಡುಕೋದು ಬಿಡಿ. ನೋಡಿ, ಕನ್ನಡಿ ಹಾಗಿದೆ."

ನೀರು ನಿಜಕ್ಕೂ ಕನ್ನಡಿಯ ಹಾಗಿತ್ತು. ಅವಳಿಗೆ ನಂಬಲು ಕಣ್ಣೊಂದೇ ಉಳಿದಿತ್ತು.

"ಕುಡಿ ಹೋಗು, ನನಗೇನು!" ಎಂದ ಅತ್ತೆ ಅಂದಿನಿಂದ ತನ್ನ ಚೊಂಬನ್ನು ನಲ್ಲಿಯಲ್ಲೇ ತುಂಬಿಸಿಕೊಂಡಳು. ಸೊಸೆಯ ಚೊಂಬು ತುಂಬಿಸಲಿಲ್ಲ. ಇಬ್ಬರಿಗೂ ಹಟ.

ನಿಂಬೆ ಗಿಡ ಎಲೆ ಉದುರಿಸಿತು. ಬಿಸಿಲು ಎಂದಳು ಸೊಸೆ. ಡ್ರಮ್ಮಿನ ಪಕ್ಕದ ಬೋಗುಣಿಯಲ್ಲಿ ನೀರು ಕುಡಿಯುತ್ತಿದ್ದ ಕೋಳಿಗಳು ಕತ್ತು ವಾಲಿಸಿ ಸತ್ತವು. ಊರಲ್ಲೆಲ್ಲ ಕೋಳಿಗೆ ಕಾಯಿಲೆಯಂತೆ ಎಂದಳು. ಬೆಳಿಗ್ಗೆ ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಬಸುರಿಗೆ ಇದ್ದದ್ದೇ ಎಂದಳು. ಒಂದು ಮಧ್ಯಾಹ್ನ ಅಂಟಿನ ಮೇಜಿನ ಮುಂದೆಯೇ ಸೀರೆ ರಕ್ತದಿಂದ ಒದ್ದೆಯಾಯಿತು. ಹಾಗೇ ಆಸ್ಪತ್ರೆಗೆ ಹೋದಳು.

ಆಸ್ಪತ್ರೆಯ ನರ್ಸು ಎಲ್ಲ ಕೇಳಿಕೊಂಡಳು. "ಆ ಡ್ರಮ್ಮು ಎಷ್ಟು ತೊಳೆದ್ರೂ ಅಷ್ಟೇ ಕಣಮ್ಮ. ಪ್ಲಾಸ್ಟಿಕ್ಕು ಕುಡಿದದ್ದನ್ನ ಕಕ್ಕುತ್ತಾನೇ ಇರುತ್ತೆ. ಅದರಿಂದ್ಲೇ ಆಯ್ತೋ, ಕಾರ್ಖಾನೆ ಗಾಳಿಯಿಂದ ಆಯ್ತೋ, ಯಾರು ಹೇಳೋಕಾಗುತ್ತೆ?"

ಮನೆಗೆ ಬಂದ ಸೊಸೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಹೇಳಿರಲಿಲ್ವಾ ಎಂಬ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಬರಲಿಲ್ಲ. ಹಿತ್ತಲಿನಿಂದ ಧಡ್ ಧಡ್ ಸದ್ದು ಬಂತು. ಎದ್ದು ಹೋಗಿ ನೋಡಿದರೆ ಅತ್ತೆ ಹಾರೆಯಿಂದ ಡ್ರಮ್ಮಿನ ತಳಕ್ಕೆ ತೂತು ಹೊಡೆಯುತ್ತಿದ್ದಳು.

"ಹಾಗೇ ಬಿಸಾಕಿದ್ರೆ ಇನ್ಯಾರೋ ಪಾಪದವರು ಎತ್ಕೊಂಡು ಹೋಗ್ತಾರೆ" ಎಂದಳು, ಏದುಸಿರು ಬಿಡುತ್ತ. ಹಾರೆ ಊರಿಕೊಂಡು ನಿಂತಳು. "ಕೈ ಹಿಡಿದು ಹೇಳ್ಬೇಕಿತ್ತು ಕಣೇ. ನಾನು ಮೂತಿ ತಿರುವಿ ಹೇಳಿದೆ."

ಸೊಸೆ ತೂತಿಗೆ ಮೂಗು ಹಚ್ಚಿ ಉಸಿರೆಳೆದು ನೋಡಿದಳು. ಏನೂ ಇಲ್ಲ.

ಸೋಮವಾರ ಅವಳು ಕೆಲಸಕ್ಕೆ ಹೋದಳು. ಹೊಸ ಮಾದರಿ ಬಂದಿತ್ತು, ಈ ಸಲ ತಿಳಿಹಸಿರು.

ಹೋದದ್ದು ಇಷ್ಟು: ಒಂದು ನಿಂಬೆ ಗಿಡ, ಎರಡು ಕೋಳಿ, ಐದು ತಿಂಗಳ ಒಂದು ಹೆಣ್ಣು ಕೂಸು.