ಹೆಸರು ಕರೆದರೆ ಎದ್ದು ನಿಲ್ಲಬೇಕು

ಟಿಕ್ ಅಂತ ಒಂದು ಸದ್ದು, ತಗಡಿನ ಟ್ರಂಕಿನ ಚಿಲಕವೇ ಇರಬೇಕು, ಇಷ್ಟು ಹೊತ್ತಿನಲ್ಲಿ ಯಾರು ಟ್ರಂಕು ತೆಗೆಯುತ್ತಾರೆ, ಹನ್ನೆರಡು ದಾಟಿದೆ, ಶಿಬಿರಕ್ಕೆಂದು ಬಿಟ್ಟುಕೊಟ್ಟ ಕೋಗಿಲಿನ ಈ ಶಾಲೆಯ ಉದ್ದನೆಯ ಕೋಣೆಯಲ್ಲಿ ನಲವತ್ತೆರಡು ಹುಡುಗಿಯರು ಸಾಲಾಗಿ ಮಲಗಿದ್ದಾರೆ, ಸಂಜೆಯಿಂದ ಮೂರು ಸಲ ಎಣಿಸಿದ್ದೇನೆ, ನಲವತ್ತೆರಡು, ಎಲ್ಲರೂ ಇದ್ದಾರೆ, ಎಲ್ಲರೂ ಉಸಿರಾಡುತ್ತಿದ್ದಾರೆ — ಮತ್ತೆ ಟಿಕ್, ಈ ಸಲ ಮುಚ್ಚಿದ ಸದ್ದು, ಕಿಟಕಿಯ ಕಡೆಯಿಂದ, ಅಲ್ಲಿ ಮಲಗಿರುವವಳು ನಿಂಗವ್ವ, ಅವಳಿಗೂ ನಿದ್ದೆ ಬಂದಿಲ್ಲ, ಹೇಗೆ ಬಂದೀತು, ಕಣ್ಣು ಮುಚ್ಚಿದರೆ ನನಗೆ ಕಾಣುವುದು ಆ ತೂತು, ಮೆಣಸಿನ ಕಾಳಿನಷ್ಟು ಕಪ್ಪು ತೂತು, ಸುತ್ತ ಹೊಳೆಯುವ ಉಕ್ಕಿನ ಅಂಚು, ಬಂದೂಕಿನ ಬಾಯಿ ಇಷ್ಟು ಚಿಕ್ಕದು ಎಂದು ಪಕ್ಕದಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಎಲ್ಲ ಸರಿಯಾಗಿಯೇ ಶುರುವಾಗಿತ್ತು, ನಮ್ಮ ಕಾಲೇಜಿನ ಎನ್.ಸಿ.ಸಿ. ಹುಡುಗಿಯರಿಗೆ ಮೊದಲ ಸಲ ಗುಂಡು ಹಾರಿಸುವ ಅವಕಾಶ, ಅರ್ಧ ಜನ ಇವತ್ತು, ಉಳಿದರ್ಧ ನಾಳೆ, ಹೆಣ್ಣುಮಕ್ಕಳಿಗೆ ಬಂದೂಕು ಯಾಕ್ರೀ ಅಂದ ಪ್ರಿನ್ಸಿಪಾಲರ ಕೈಯಲ್ಲಿ ಸಹಿ ಹಾಕಿಸಲು ನಾನು ಎರಡು ತಿಂಗಳು ಓಡಾಡಿದ್ದೆ, ಎಲ್ಲಕ್ಕೂ ನಾನೇ ಜವಾಬ್ದಾರಿ ಸಾರ್ ಅಂದಿದ್ದೆ, ಜವಾಬ್ದಾರಿ, ಎಷ್ಟು ಸುಲಭವಾಗಿ ಬಾಯಿಗೆ ಬರುವ ಮಾತು. ಜಕ್ಕೂರಿನ ಕಡೆಗೆ ಎರಡು ಮೈಲಿ ನಡೆದು ಹೋದೆವು, ದಿಣ್ಣೆಯ ಮುಂದೆ ಆರು ಗುರಿಹಲಗೆ ನೆಟ್ಟಿದ್ದರು, ಕೆಂಪು ಬಾವುಟ ಏರಿಸಿದ ಮೇಲೂ ಸೊಣ್ಣಮ್ಮ ಎನ್ನುವ ಮುದುಕಿ ದಿಣ್ಣೆಯ ಹಿಂದಿನಿಂದ ಮೇಕೆ ಹೊಡೆದುಕೊಂಡು ಬಂದಳು, ಇಂಗೆ ಡಬ್ ಡಬ್ ಅನ್ನಿಸ್ತಾ ಇದ್ರೆ ನನ್ ಮೇಕೆ ಆಲು ಕೊಡ್ತವಾ, ನೀವೇ ಏಳ್ರವ್ವ ಎಂದು ಗೊಣಗಿದಳು, ಹುಡುಗಿಯರೆಲ್ಲ ನಕ್ಕರು, ನಾನು ನಗಲಿಲ್ಲ, ಮೇಕೆ ಎಷ್ಟಿವೆ, ಒಂದಾದರೂ ಹಿಂದೆ ಉಳಿದಿದೆಯಾ, ಅದನ್ನೇ ನೋಡುತ್ತಿದ್ದೆ, ನನ್ನ ಹುಟ್ಟುಗುಣವೇ ಅದು, ಎಲ್ಲಿ ಏನು ತಪ್ಪಾಗುತ್ತದೋ ಎಂದು ಕಾಯುತ್ತಾ ಇರುವುದು.

ಹವಾಲ್ದಾರ್ ಜಾಫರ್ ಚೆನ್ನಾಗಿಯೇ ಹೇಳಿಕೊಟ್ಟ, ಬೋರಲು ಮಲಗುವುದು, ಎಡಮೊಣಕೈ ನೆಲಕ್ಕೆ ಊರುವುದು, ಬಂದೂಕಿನ ಹಿಡಿಯನ್ನು ಭುಜದ ಗುಳಿಗೆ ಒತ್ತುವುದು, ಅರ್ಧ ಉಸಿರು ಬಿಟ್ಟು ತಡೆದು ನಿಲ್ಲಿಸುವುದು, ಟ್ರಿಗರ್ ಎಳೀಬಾರದಮ್ಮ, ಸಪೋಟ ಹಣ್ಣಾಗಿದೆಯಾ ಅಂತ ಒತ್ತಿ ನೋಡ್ತೀರಲ್ಲ, ಹಂಗೆ ಒತ್ತಬೇಕು. ಗೋಲಿ ಹಾರಲಿ ಹಾರದೆ ಇರಲಿ, ನಳಿಗೆ ಗುರಿ ಬಿಟ್ಟು ಅಲ್ಲಾಡಬಾರದು. ಆಮೇಲೆ ಕೊನೆಯದಾಗಿ, ಬೆರಳೆತ್ತಿ ಹೇಳಿದ, ಇಲ್ಲಿ ಒಂದೇ ಬಾಯಿ, ಅದು ನಂದು, ನಾನು ಬಿಟ್ಟು ಬೇರೆ ಯಾರೂ ಮಾತಾಡೋಹಾಗಿಲ್ಲ. ನಮ್ಮನೇಲೂ ಒಂದೇ ಬಾಯಿ ಉಸ್ತಾದ್, ನಮ್ಮಜ್ಜೀದು, ಅಂದಳು ಪುಟ್ಟಲಕ್ಷ್ಮಿ, ಅವನೂ ನಕ್ಕ, ನಗುತ್ತಲೇ ನನ್ನ ಕಡೆ ತಿರುಗಿ ಮೇಡಂ, ನಿಮಗೂ ಸೇರಿಸೇ ಹೇಳಿದ್ದು ಅಂದ, ನಾನು ತಲೆ ಆಡಿಸಿದೆ, ಆಡಿಸಿದೆನಲ್ಲ. ಸರದಿ ಕಾಯುವವರನ್ನೂ ನಾಳೆಯವರನ್ನೂ ಹಿಂದೆ ಹುಣಸೆ ಮರದ ಕೆಳಗೆ ನಮಗೆ ಬೆನ್ನು ಮಾಡಿ ಕೂರಿಸಿದ್ದ, ಸದ್ದಿಗೆ ಬೆಚ್ಚಬಾರದೆಂದು, ಮಲಗಿದ ಆರು ಜನರ ಕಿವಿಗೆ ಹತ್ತಿ, ನಿಂಗವ್ವ ಈ ಕಡೆಯ ತುದಿಯವಳು, ಜಾಫರ್ ಆ ಕಡೆಯ ತುದಿಯಲ್ಲಿ ಬಗ್ಗಿ ಯಾರದೋ ಭುಜ ಸರಿಮಾಡುತ್ತಿದ್ದ, ಗುಂಡುಗಳು ಹಾರುತ್ತಿದ್ದವು, ಒಂದು, ಇನ್ನೊಂದು, ಎರಡು ಒಟ್ಟಿಗೆ, ನಾಲ್ಕು ಗುಂಡು ಹಾರಿಸಿ ಐದನೆಯದನ್ನು ತುಂಬಿದ ನಿಂಗವ್ವನ ಜಡೆ ಭುಜದಿಂದ ಜಾರಿತು, ಬಂದೂಕಿನ ಮೇಲೆ, ಕೀಲು ಹಿಂದೆ ಮುಂದೆ ಆಡುವ ಜಾಗಕ್ಕೆ, ಸಿಕ್ಕಿಕೊಂಡರೆ ಏನು ಗತಿ, ಮುಖದ ಪಕ್ಕದಲ್ಲೇ ಇದೆ, ಅಷ್ಟೇ ನನಗೆ ಕಂಡಿದ್ದು, ನಿಂಗವ್ವಾ, ಜಡೆ — ಅಂತ ಕೂಗಿದೆ. ಹತ್ತಿಯ ಒಳಗೆ ಅವಳಿಗೆ ತನ್ನ ಹೆಸರು ಮಾತ್ರ ಕೇಳಿಸಿರಬೇಕು. ಎದ್ದಳು. ತರಗತಿಯಲ್ಲಿ ಏಳುವಂತೆ ತಟ್ಟನೆ ಎದ್ದು, ನನ್ನ ಕಡೆ ಪೂರ್ತಿ ತಿರುಗಿ, ಮುಖ ಕೊಟ್ಟು, ರೀ ಮೇಡಂ ಅಂದಳು, ಅವಳ ಜೊತೆ ಬಂದೂಕೂ ತಿರುಗಿತು, ಆ ಕಪ್ಪು ತೂತು ನನ್ನನ್ನು ನೋಡಿತು, ಸದ್ದಾಯಿತು, ತೋಳಿನ ಪಕ್ಕ ಏನೋ ಹರಿದ ಹಾಗೆ, ಬಿಸಿಯೋ ತಣ್ಣಗೋ ತಿಳಿಯಲಿಲ್ಲ, ಬೇರೆ ಐದು ಸದ್ದುಗಳ ನಡುವೆ ಅದೂ ಒಂದು ಸದ್ದು, ಅವಳು ಮತ್ತೆ ಮಲಗಿಬಿಟ್ಟಳು, ಮುಖ ಬಿಳಿಚಿಕೊಂಡು, ಜಾಫರ್ ತಲೆ ಎತ್ತಿದಾಗ ಆರು ಜನ ಆರು ಜಾಗದಲ್ಲಿ ಶಿಸ್ತಾಗಿ ಮಲಗಿದ್ದರು.

ಹೆಸರು ಕರೆದರೆ ಎದ್ದು ನಿಲ್ಲಬೇಕು, ಮುಖ ಕೊಟ್ಟು ಉತ್ತರ ಹೇಳಬೇಕು, ಇದು ಯಾರ ನಿಯಮ, ನನ್ನದೇ, ಜೂನ್ ತಿಂಗಳಲ್ಲಿ ಕೂತೇ ಉತ್ತರ ಕೊಟ್ಟಳೆಂದು ಇದೇ ಹುಡುಗಿಯನ್ನು ಇಡೀ ಪೀರಿಯಡ್ ನಿಲ್ಲಿಸಿದ್ದೆ, ಹಳ್ಳಿಯಿಂದ ಬಂದವರಿಗೆ ಇಷ್ಟೂ ತಿಳಿಯುವುದಿಲ್ಲವೇ ಅಂದಿದ್ದೆ, ಅವಳು ಕಲಿತಳು, ಎಷ್ಟು ಚೆನ್ನಾಗಿ ಕಲಿತಳು. ಗುರಿಹಲಗೆ ತಂದು ನೋಡಿದರೆ ಅವಳದರಲ್ಲಿ ನಾಲ್ಕೇ ತೂತು, ನಾಲ್ಕೂ ಒಂದು ಅಂಗೈಯಷ್ಟು ಜಾಗದಲ್ಲಿ, ಶಾಬಾಶ್ ಅಂದ ಜಾಫರ್, ಐದನೇದು ಹವಾ ಕುಡಿಯೋಕೆ ಹೋಯ್ತಮ್ಮ, ಮೊದಲನೇ ದಿನ ಎಲ್ಲರದೂ ಒಂದು ಹೋಗುತ್ತೆ, ಖಾಲಿ ತೋಟಾ ಎಣಿಸಿದ, ಲೆಕ್ಕ ಸರಿಯಾಗಿತ್ತು. ನಾನು ಹುಣಸೆ ಮರದ ಹತ್ತಿರ ಹೋದೆ, ಓಡಬಾರದು ಎಂದು ಹೇಳಿಕೊಳ್ಳುತ್ತಾ ನಡೆದೆ, ಒಂದೊಂದು ತಲೆಯನ್ನೂ ಎಣಿಸುತ್ತಾ, ಪುಟ್ಟಲಕ್ಷ್ಮಿ ಮಡಿಲಿನಿಂದ ತೊಗಟೆಯ ಚೂರು ಎತ್ತಿ ತೋರಿಸಿದಳು, ನೋಡಿ ಮೇಡಂ, ಅಳಿಲಿಗೂ ನನ್ನ ಕಂಡ್ರೆ ಆಗಲ್ಲ, ಮೇಲಿಂದ ಹೊಡೀತು. ಅವಳ ತಲೆಯಿಂದ ಒಂದು ಗೇಣು ಮೇಲೆ, ಕಾಂಡದಲ್ಲಿ, ಹಸಿ ತೂತು, ಅದೇ ಅಳತೆ, ನಾನು ಮರಕ್ಕೆ ಒರಗುವವಳಂತೆ ಅದರ ಮೇಲೆ ಕೈ ಇಟ್ಟು ನಿಂತೆ, ಎಲ್ಲರೂ ಎದ್ದು ಹೋಗುವವರೆಗೂ ನಿಂತೆ. ಪುಟ್ಟಲಕ್ಷ್ಮಿಯದು ನಾಳೆ ಸರದಿ, ಈಗ ಬಾಯಿ ತೆರೆದು ಮಲಗಿದ್ದಾಳೆ, ಪಕ್ಕದವಳ ಮೇಲೆ ಕಾಲು ಹಾಕಿಕೊಂಡು.

ಜಾಫರನಿಗೆ ಹೇಳಬೇಕು, ಹೇಳದೆ ಹೇಗೆ, ನಾಳೆ ಇನ್ನೊಬ್ಬಳು ಹೀಗೇ ಎದ್ದರೆ, ಏಳುವುದಿಲ್ಲ, ನಾನು ಕರೆಯದಿದ್ದರೆ ಯಾರೂ ಏಳುವುದಿಲ್ಲ, ಹೇಳಿದರೆ ಅವನು ಕೇಳುವ ಮೊದಲ ಪ್ರಶ್ನೆ ಅದೇ, ಯಾರು ಕೂಗಿದ್ದು ಮೇಡಂ, ಅದಕ್ಕಿಂತ ಮುಂಚೆ ನಿಂಗವ್ವನ ಹೆಸರು ಪುಸ್ತಕದಿಂದ ಹೊಡೆದು ಹಾಕುತ್ತಾರೆ, ಕಾಲೇಜಿಗೆ ಕಾಗದ ಬರುತ್ತದೆ, ಅವಳಪ್ಪ ಗುರುಪಾದಪ್ಪ ಯಶವಂತಪುರದ ಕಾರ್ಖಾನೆಯಿಂದ ಎಣ್ಣೆಕೈಯಲ್ಲೇ ಬರುತ್ತಾರೆ, ನೀವು ಅದೀರಿ ಅಂತ ಕಳಸಾಕತ್ತೀನ್ರಿ ಮೇಡಂ, ಒಂದ್ ದೂರು ಬಂದ್ರ ಕಾಲೇಜ್ ಬಂದ್, ಊರಾಗ ವರ ತಯಾರ್ ಅದಾನ ಎಂದು ಮೊದಲೇ ಹೇಳಿದ ಮನುಷ್ಯ — ಕಿಟಕಿಯ ಬಳಿ ಏನೋ ಸರಿಯಿತು, ಟ್ರಂಕನ್ನು ನೆಲದ ಮೇಲೆ ಎಳೆದ ಸದ್ದು, ನಾನು ಎದ್ದು ಸಾಲುಗಳ ನಡುವೆ ಕಾಲಿಡುತ್ತಾ ಹೋಗಿ ಮೆಲ್ಲಗೆ ನಿಂಗವ್ವ ಅಂದೆ. ಕತ್ತಲಲ್ಲಿ ತಟ್ಟನೆ ಎದ್ದು ನಿಂತಳು, ಪೂರ್ತಿ ನನ್ನ ಕಡೆ ತಿರುಗಿ. ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಬರಿಗೈಯ ಹುಡುಗಿಯಿಂದ ಹಿಂದೆ ಸರಿದೆ. ಹೊತ್ತು ಮೂಡೂದ್ರಾಗ ಉಸ್ತಾದರ ಮುಂದ ಹೇಳಿಬಿಡ್ತೀನ್ರಿ ಮೇಡಂ, ಹೇಳಿ ಮನಿಗೆ ಹೋಕ್ಕೀನಿ, ತಪ್ಪು ನಂದೈತ್ರಿ, ನಳಿಗೆ ತಿರಗಸಬಾರದಂತ ಹೇಳಿದ್ರು, ತಿರಗಿಸಿದೆ. ಈಗ ಹೇಳು, ತಪ್ಪು ನಿನ್ನದಲ್ಲ ಎನ್ನು, ಕರೆದವಳು ನಾನು ಎನ್ನು, ನಾಲ್ಕು ಪದ, ನಾಲ್ಕೇ ಪದ. ಏನೂ ಆಗಿಲ್ಲ, ಮಲಗು, ಅಂದೆ. ನೀನೂ ಯಾರಿಗೂ ಹೇಳಬೇಡ, ನಾನೂ ಹೇಳಲ್ಲ. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು, ನನ್ನ ಉಳಿಸಿದ್ರಿ ಮೇಡಂ, ಬೆರಳು ಮಂಜಿನ ಹಾಗಿತ್ತು, ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ ನಾನು, ಮುಟ್ಟಿಸಿಕೊಂಡೆ. ಈಗ ಅವಳ ಉಸಿರು ನಿಧಾನವಾಗಿದೆ, ನಿದ್ದೆ ಬಂತು, ತಪ್ಪನ್ನು ತನ್ನದೆಂದೇ ಇಟ್ಟುಕೊಂಡು ಮಲಗಿದ್ದಾಳೆ, ಜಾಫರನಿಗೆ ಹೇಳುವುದಿಲ್ಲ, ಪ್ರಿನ್ಸಿಪಾಲರಿಗೆ ಹೇಳುವುದಿಲ್ಲ, ಗುರುಪಾದಪ್ಪನವರಿಗೆ ಹೇಳುವುದಿಲ್ಲ, ಇವಳಿಗೂ ಹೇಳುವುದಿಲ್ಲ, ಇವಳಿಗೇ ಹೇಳುವುದಿಲ್ಲ, ಮಲಗಬೇಕು, ಬೆಳಿಗ್ಗೆ ಬೇಗ ಏಳಬೇಕು, ಕಣ್ಣು ಮುಚ್ಚಬೇಕು, ಮುಚ್ಚಿದರೆ ಆ ತೂತು, ಮೆಣಸಿನ ಕಾಳಿನಷ್ಟು, ಕಪ್ಪು, ಅಲುಗದೆ, ನನ್ನ ಕಡೆಗೇ